ತೋಟವನ್ನು ಬಿಟ್ಟುಹೋದ ತಮ್ಮನು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿನ ಸಸಿಯನ್ನು ನೆಡುವವನು ತನಗೋಸ್ಕರ ಮಾತ್ರವೇ ನೆಡುವದಿಲ್ಲವೆಂಬದು ಪ್ರಿಯ ವಾಚಕರಿಗೆ ತಿಳಿದ ಸಂಗತಿಯೇ. ಅದು ಫಲಕ್ಕೆ ಬರಲು ಆರೇಳು ವರುಷಗಳು ಹಿಡಿಯುವವು. ಬಂದ ಮೇಲೆ ಅರುವತ್ತು ವರುಷಗಳಾದರೂ ಕೊಡುತ್ತಾ ನಿಲ್ಲುವದು. ಕಾಯಿಯನ್ನು ಇಳಿಸಿದ ಮೇಲೆಯೂ ಅವಸರವಿಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟಕು ಸದ್ದು ಕೊಡುವ ತನಕ ಕಾದರೇ ಉಂಡೆ ಕೊಬ್ಬರಿಯಾಗುವದು. ಇಂಥ ತಾಳ್ಮೆಯ ಕಸುಬಿನಲ್ಲಿ ಹುಟ್ಟಿದವನು ತಿಂಗಳ ಸಂಬಳಕ್ಕಾಗಿ ಕಾರ್ಖಾನೆಗೆ ಹೊರಟರೆ, ಅವನು ಹಿರಿಯರ ಸ್ವಾಸ್ತ್ಯವನ್ನು ಹಗುರವಾಗಿ ಎಣಿಸಿದವನೋ? ಪಾಲಿನ ದಿನ ಅನೇಕ ಮನೆಗಳ ಜಗುಲಿಯ ಮೇಲೆ ಈ ಪ್ರಶ್ನೆಯು ಏಳುತ್ತದೆ.

ಒಂದು ಮನೆತನವನ್ನು ಮನಸ್ಸಿಗೆ ತಂದುಕೊಳ್ಳೋಣ. ಅಜ್ಜನು ಬಾವಿಯನ್ನು ತೋಡಿ, ಕಪಿಲೆ ಹೊಡೆದು, ನೂರು ಸಸಿಗಳನ್ನು ಸಾಕಿದನು. ಅವನ ನಾಲ್ವರು ಮಕ್ಕಳಿಗೆ ಪಾಲಾಗಲು ತಲೆಗೆ ಇಪ್ಪತ್ತೈದು ಮರಗಳು ಬಂದವು. ಮೊಮ್ಮಕ್ಕಳಿಬ್ಬರಿಗೆ ಆ ಇಪ್ಪತ್ತೈದೇ. ಅಣ್ಣನು ಉಳಿದನು, 1978ರಲ್ಲಿ ತುಮಕೂರಿನಲ್ಲಿ ಎಚ್‌.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಆರಂಭವಾದಾಗ ತಮ್ಮನು ಅಲ್ಲಿಗೆ ಹೋದನು. ನಾಬೋತನು ಅರಸನಿಗೂ ತನ್ನ ದ್ರಾಕ್ಷೇತೋಟವನ್ನು ಕೊಡಲೊಲ್ಲದೆ ಹೋದನಲ್ಲಾ ಎಂದು ಅಣ್ಣನ ಪಕ್ಷದವರು ಎತ್ತಿ ಹೇಳುವರು. ಆದರೆ ನಾಬೋತನನ್ನು ಕೇಳಿದವನು ಅರಸನು. ಈ ತಮ್ಮನನ್ನು ಎಬ್ಬಿಸಿ ಕಳುಹಿಸಿದ್ದು ಹೊಟ್ಟೆ.

ಆ ಕಾರ್ಖಾನೆಯು 2016ರಲ್ಲಿ ಮುಚ್ಚಿಹೋಯಿತು. 1978ರಲ್ಲಿ ನೆಟ್ಟ ಸಸಿಯಾದರೋ ಆಗ ಇನ್ನೂ ನಡುಪ್ರಾಯದಲ್ಲಿತ್ತು. ಇದನ್ನು ಕಂಡು ಊರಲ್ಲಿ ಉಳಿದವರು ನಕ್ಕರೆ ನಾವು ಅವರೊಂದಿಗೆ ನಗಲಾರೆವು. ಯಾಕಂದರೆ ನುಸಿ ರೋಗ ಬಂದು ಕಾಯಿ ಸಣ್ಣದಾದ ವರುಷಗಳಲ್ಲಿಯೂ, ಕೊಳವೆಬಾವಿ ಬತ್ತಿದ ಬೇಸಗೆಗಳಲ್ಲಿಯೂ, ಎಷ್ಟೋ ತೋಟಗಳನ್ನು ಉಳಿಸಿದ್ದು ಪಟ್ಟಣದಿಂದ ಬಂದ ಸಂಬಳವೇ. 2023ರಲ್ಲಿ ಸರಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ಮಾರಬೇಕಾಗಿ ಬಂದದ್ದನ್ನು ಯಾರೂ ಮರೆತಿಲ್ಲ. ಎರಡು ವರುಷಗಳಲ್ಲಿ ಅದೇ ಕೊಬ್ಬರಿಯ ಬೆಲೆಯು ಇಮ್ಮಡಿಗೂ ಮೇಲೇರಿತು. (ಆಗ ಊರ ದಾರಿ ಮರೆತಿದ್ದ ಕೆಲವರಿಗೆ ಪಾಲಿನ ನೆನಪಾದದ್ದೂ ಉಂಟು.)

ಆದಕಾರಣ ಹೋದವನು ದ್ರೋಹಿಯಲ್ಲವೆಂದು ನಾವು ಎಣಿಸುವೆವು. ಆದರೂ ಅವನ ಕೈಯಲ್ಲಿ ಮನಿಯಾರ್ಡರಿನ ಲೆಕ್ಕವುಂಟು, ಭವಿಷ್ಯನಿಧಿಯೂ ಉಂಟು. ಉಳಿದವನ ಲೆಕ್ಕವನ್ನು ಬರೆದಿಟ್ಟವರು ಯಾರು? ರಾತ್ರಿ ಕರೆಂಟು ಬಂದಾಗ ಎದ್ದು ನೀರು ಹಾಯಿಸಿದವನು ಅವನು. ಹಾಸಿಗೆ ಹಿಡಿದ ತಂದೆಯನ್ನು ಎತ್ತಿ ಕೂರಿಸಿದವನೂ ಅವನೇ. ಅವನಿಗೆ ಯಾರೂ ಸಂಬಳ ಕೊಟ್ಟಿಲ್ಲ, ಅವನು ಕೇಳಿದವನೂ ಅಲ್ಲ. ಮರಗಳನ್ನು ಸಮನಾಗಿ ಎಣಿಸಿ ಹಂಚಿದರೆ ಕಾಗದದ ಮೇಲೆ ನ್ಯಾಯವಾಗಬಹುದು. ಆ ವರುಷಗಳು ಮಾತ್ರ ಎಣಿಕೆಗೆ ಬಾರದೆ ಹೋಗುವವು. ತಮ್ಮನು ತಾನಾಗಿಯೇ ಎದ್ದು, ಅಣ್ಣಾ, ಬಾವಿಯ ಕಡೆಯ ಸಾಲು ನಿನಗಿರಲಿ, ಎಂದು ಹೇಳುವದು ಕಾನೂನಿನಿಂದ ಆಗತಕ್ಕ ಕೆಲಸವಲ್ಲ. ಅವನು ಹೇಳದೆ ಹೋದರೆ ಅಣ್ಣನು ಅದನ್ನು ಬಲದಿಂದ ತೆಗೆದುಕೊಳ್ಳುವ ಹಾಗೂ ಇಲ್ಲ.

ಅಣ್ಣತಮ್ಮಂದಿರನ್ನು ಹೀಗೆ ತೂಗುತ್ತಿರುವಾಗ ನಮ್ಮ ಹಿರಿಯರು ಅಕ್ಕತಂಗಿಯರನ್ನು ಮರೆಯುವದು ವಾಡಿಕೆ. ತಂದೆಯು ಮರಣಪತ್ರ ಬರೆಯದೆ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಕ್ರೈಸ್ತರ ಮನೆಯಲ್ಲಿ ಮಗಳಿಗೂ ಮಗನಿಗೂ ಪಾಲು ಸಮವೇ. ಮದುವೆಗೆ ಮುಂಚೆ ರಾಗಿ ಕಳೆ ಕಿತ್ತವಳೂ, ಬಿದ್ದ ಗರಿಗಳನ್ನು ಹೊತ್ತು ತಂದವಳೂ ಆಕೆಯೇ. ಒಂದು ಸೀರೆಯನ್ನು ಮುಂದಿಟ್ಟು ಹಕ್ಕುಬಿಡುಗಡೆಯ ಪತ್ರಕ್ಕೆ ಆಕೆಯ ರುಜುವನ್ನು ಕೇಳುವ ಅಣ್ಣತಮ್ಮಂದಿರು, ಅದರಲ್ಲಿ ಏನು ಬರೆದಿದೆಯೆಂಬದನ್ನು ಮೊದಲು ಆಕೆಗೆ ಗಟ್ಟಿಯಾಗಿ ಓದಿ ಹೇಳಲಿ.