ವಿರಾಮದ ಓದೂ ಆಡುವ ಮಾತೂ

ಆಷಾಢದ ಮಳೆಯು ಬಿಡದೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಗೃಹಸ್ಥನಿಗೆ ದಿನದಲ್ಲಿ ಅರ್ಧವು ಬಿಡುವಾಗಿಯೇ ಕಳೆಯುವುದು. ಗದ್ದೆಯ ನಟ್ಟಿಯು ಮುಗಿದಿರುವುದು; ಕೊಳೆರೋಗಕ್ಕೆ ಅಡಿಕೆಯ ಗೊನೆಗಳಿಗೆ ಔಷಧವನ್ನು ಹೊಡೆಸಲು ಒಂದೆರಡು ದಿನದ ಹೊಳವು ಸಿಕ್ಕೀತೇ ಎಂದು ಆಕಾಶವನ್ನು ನೋಡುತ್ತ ಕುಳಿತುಕೊಳ್ಳುವುದೊಂದೇ ಉಳಿದ ಕೆಲಸ. ಆಗ ಜಗಲಿಯಲ್ಲಿ ಕವಳದ ತಟ್ಟೆಯೂ ಇಸ್ಪೀಟಿನ ಕಟ್ಟೂ ಮಕ್ಕಳ ಚೆನ್ನೆಮಣೆಯೂ ಇರುವಂತೆಯೇ ಒಂದು ಕಾದಂಬರಿಯೂ ಇರುವುದುಂಟು. ನೆರೆಮನೆಯವನು ಕೊಡೆಯನ್ನು ಮಡಿಸಿಟ್ಟು ಕುಳಿತು, “ಹೇಗಿದೆ ಭಾವಾ, ಆ ಪುಸ್ತಕ?” ಎನ್ನುವನು. “ಏನೋ, ಪರವಾಗಿಲ್ಲ, ನಡುವೆ ಸ್ವಲ್ಪ ಎಳೆದಿದ್ದಾರೆ” ಎಂದು ಉತ್ತರ ಬರುವುದು. ಅಷ್ಟರಲ್ಲಿ ಎಲೆಗೆ ಸುಣ್ಣ ಬಿದ್ದಿರುತ್ತದೆ, ಮಾತು ಅಡಿಕೆಯ ಧಾರಣೆಗೆ ಹೊರಳಿರುತ್ತದೆ. ಇಷ್ಟು ಹಗುರಾಗಿ ಆಡಿದ ಮಾತಿಗೆ ಧರ್ಮಾಧರ್ಮದ ಲೇಪವೇನಾದರೂ ಉಂಟೆ?

ಕಾದಂಬರಿಯ ಓದೇ ಕಾಲಹರಣವೆಂದು ಮೂಗು ಮುರಿಯುವವರಿಗೆ ಬಹಳ ಉತ್ತರವು ಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಆನೆ ಮಲ್ಲರ ವಿನೋದಗಳ ಜತೆಗೆ ಕಥಾವಿನೋದವನ್ನೂ ಸೇರಿಸಿದ್ದಾನೆ. ಈ ಸೀಮೆಯನ್ನೇ ಆಳಿದ ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ವು ಹೆಸರಿಗೆ ತತ್ತ್ವಗ್ರಂಥದಂತೆ ತೋರಿದರೂ ಪಾಕಶಾಸ್ತ್ರಕ್ಕೂ ಅದರಲ್ಲಿ ಎಡೆಯುಂಟು. ‘ಕಾದಂಬರಿ’ ಎಂಬ ಹೆಸರಾದರೂ ಬಾಣಭಟ್ಟನ ಕಥಾನಾಯಿಕೆಯದು. ಕನ್ನಡಿಗರೂ ಮಹಾರಾಷ್ಟ್ರದವರೂ ಅದನ್ನು ಒಂದು ಜಾತಿಯ ಗ್ರಂಥಕ್ಕೆಲ್ಲ ಇಟ್ಟುಬಿಟ್ಟರು. ಓದಿಗೆ ದೋಷವಿಲ್ಲವೆಂದಾದ ಮೇಲೆ ಪ್ರಶ್ನೆಯು ಓದಿದ ಮೇಲೆ ಆಡುವ ಮಾತಿನದು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವಾಗ ಇದೇ ಗೃಹಸ್ಥನು ತೋರುವ ಎಚ್ಚರವು ಸಾಮಾನ್ಯವಾದುದಲ್ಲ. ಬಣ್ಣವನ್ನು ನೋಡುವನು, ಒಡೆದು ನೋಡುವನು, ಬಾಯಿಗೆ ಹಾಕಿಯೂ ನೋಡುವನು. ದಲಾಲನು ಚೀಲದ ಮೇಲುಭಾಗವನ್ನು ಮಾತ್ರ ನೋಡಿ ಬೆಲೆ ಹೇಳಿದರೆ ಕೆರಳುವನು. ಅಂಥವನೇ ನಾನೂರು ಪುಟದ ಗ್ರಂಥಕ್ಕೆ ನಲವತ್ತು ಪುಟಗಳಲ್ಲಿ ಬೆಲೆ ಕಟ್ಟಿ ನಿದ್ರೆಹೋಗುವನು. ಅಡಿಕೆಯಲ್ಲಿ ತನ್ನ ಹಣವಿದೆ, ಪುಸ್ತಕದಲ್ಲಿ ಇಲ್ಲ ಎಂದು ಸಮಾಧಾನ ಹೇಳಬಹುದು. ಆದರೆ ಗ್ರಂಥಕರ್ತನ ವರ್ಷಗಳು ಅದರಲ್ಲಿ ಇವೆಯಷ್ಟೆ.

ಹಾಗೆಂದು ವಿರಾಮದ ಅಭಿಪ್ರಾಯವನ್ನು ಕೀಳ್ಗಳೆಯುವುದೂ ಅನ್ಯಾಯ. ಪಂಡಿತ ವಿಮರ್ಶಕನಿಗೆ ತನ್ನ ಶಾಸ್ತ್ರದ ಕಟ್ಟುಂಟು, ಸ್ನೇಹ ದ್ವೇಷಗಳ ಕಟ್ಟುಂಟು. ನಿದ್ದೆ ಬಂದ ಕಡೆಯಲ್ಲಿ ನಿದ್ದೆ ಬಂತೆಂದು ಅವನು ಬರೆಯಲಾರ. ಜಗಲಿಯ ವಾಚಕನು ಬರೆಯುವುದಿಲ್ಲ, ಹೇಳಿಬಿಡುತ್ತಾನೆ. ಕುವೆಂಪುರವರ ‘ಕಾನೂರು ಹೆಗ್ಗಡಿತಿ’ಯು 1936 ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾಡಿನ ವರ್ಣನೆಯು ಹೆಚ್ಚಾಯಿತೆಂದು ಬಯಲುಸೀಮೆಯ ವಾಚಕನು ಹೇಳಿದರೆ ಅವನು ಸುಳ್ಳಾಡಿದಂತಾಗದು. ತೀರ್ಥಹಳ್ಳಿಯ ಕಡೆಯವನು ಸಾಲದೆಂದರೆ ಅವನೂ ಸುಳ್ಳಾಡಿದವನಲ್ಲ. ಇಬ್ಬರೂ ತಮಗೆ ಆದ ಅನುಭವವನ್ನು ಆಡಿದವರು. ಅಲಂಕಾರಶಾಸ್ತ್ರದವರು ಸಹೃದಯನೆಂದು ಕರೆದದ್ದು ಇಂಥ ಅನುಭವಕ್ಕೆ ಎದೆಯನ್ನು ತೆರೆದವನನ್ನೇ ಹೊರತು ಲಕ್ಷಣಗಳನ್ನು ಬಾಯಿಪಾಠ ಮಾಡಿದವನನ್ನಲ್ಲ.

ದೋಷವು ಬೇರೆ ಕಡೆಯಲ್ಲಿದೆ. ನೈಯಾಯಿಕರು ಶಬ್ದವನ್ನು ಪ್ರಮಾಣವೆಂದು ಒಪ್ಪುವಾಗ, ಆ ಮಾತು ಆಪ್ತನದಾಗಿರಬೇಕೆಂದು ಕಟ್ಟುಮಾಡಿದ್ದಾರೆ. ವಸ್ತುವನ್ನು ತಾನು ಕಂಡು, ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತ. ಈ ಲಕ್ಷಣದಲ್ಲಿ ಪಾಂಡಿತ್ಯದ ಮಾತಿಲ್ಲ, ಜಾತಿಯ ಮಾತಿಲ್ಲ. ಕಂಡಿರಬೇಕೆಂಬುದು ಮಾತ್ರ ಇದೆ. ಕಾದಂಬರಿಯನ್ನು ಓದಿ ಕೆಟ್ಟದ್ದೆಂದವನು ತಪ್ಪಿದ್ದರೂ ಆಪ್ತನೆನಿಸಿಕೊಳ್ಳಬಹುದು. ಓದದೆ ಒಳ್ಳೆಯದೆಂದವನು, ಆ ಮಾತು ದೈವವಶದಿಂದ ನಿಜವಾಗಿಯೇ ಇದ್ದರೂ, ಆಪ್ತನಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932 ರಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಕಥೆಯು ಇದಕ್ಕೆ ದೊಡ್ಡ ದೃಷ್ಟಾಂತ. 1965 ರಲ್ಲಿ ಬಂದ ಆ ಚಿಕ್ಕ ಪುಸ್ತಕದಲ್ಲಿ ಅಗ್ರಹಾರದ ಆಚಾರಭ್ರಷ್ಟನೊಬ್ಬನು ಸಾಯುತ್ತಾನೆ. ಅವನ ಶವಕ್ಕೆ ಸಂಸ್ಕಾರವನ್ನು ಮಾಡತಕ್ಕವರು ಯಾರೆಂದು ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಹುಡುಕುತ್ತಾರೆ, ಉತ್ತರವು ಸಿಕ್ಕುವುದಿಲ್ಲ. 1970 ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಚಲನಚಿತ್ರವಾಗಿ ಮಾಡಿದಾಗ ಮದರಾಸಿನ ಸೆನ್ಸಾರಿನವರು ಮೊದಲು ತಡೆದರು. ತಡೆಯು ನೀಗಿದ ಮೇಲೆ ಅದಕ್ಕೇ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಪದಕವು ದೊರೆಯಿತು. ಈ ಗಲಭೆಯಲ್ಲಿ ಪುಸ್ತಕವನ್ನು ಮುಟ್ಟದೆ ನಿಂದಿಸಿದವರು ಎಷ್ಟೋ ಮಂದಿ. ಮುಟ್ಟದೆ ಹೊಗಳಿ ನವೀನರೆನಿಸಿಕೊಂಡವರೂ ಕಡಮೆಯೇನಲ್ಲ. ಅವರ ದೋಷವನ್ನು ಯಾರೂ ಎಣಿಸುವುದಿಲ್ಲ, ಏಕೆಂದರೆ ಹೊಗಳಿಕೆಯಿಂದ ಯಾರಿಗೂ ನೋವಾಗದು. ಓದಿ ನೊಂದ ವೈದಿಕರೂ ಇದ್ದರು. ತಾವು ನಡೆಸುತ್ತಿದ್ದ ಆಚಾರವನ್ನು ಕನ್ನಡಿಯಲ್ಲಿ ವಕ್ರವಾಗಿ ಕಂಡವನು ನೊಂದು ಆಡಿದ ಕಠಿಣವಾದ ಮಾತು, ಓದದ ಅಭಿಮಾನಿಯ ಚಪ್ಪಾಳೆಗಿಂತ ಗ್ರಂಥಕ್ಕೆ ಹೆಚ್ಚಿನ ಮರ್ಯಾದೆಯನ್ನು ಸಲ್ಲಿಸುತ್ತದೆಂದೇ ಹೇಳಬೇಕು.

ಸ್ಥಳೀಯ ವಾಚಕನಿಗೆ ಮತ್ತೊಂದು ಚಾಪಲ್ಯವುಂಟು. ಕಥೆಯೊಳಗಿನ ಹೆಗ್ಗಡೆಯು ಯಾವ ಮನೆಯವನು, ಆ ವಿಧವೆಯು ಯಾರ ಅತ್ತೆ ಎಂದು ಹುಡುಕುವುದೇ ಅವನಿಗೆ ಓದು. ಸಾಗರದ ನಾ. ಡಿಸೋಜರು (2025 ರ ಜನವರಿಯಲ್ಲಿ ದಿವಂಗತರಾದರು) ಶರಾವತಿಯ ಮುಳುಗಡೆಯನ್ನು ಕುರಿತು ಬರೆದ ಕಾದಂಬರಿಗಳಿಗೆ ಈ ಸೀಮೆಯಲ್ಲಿ “ಇದೆಲ್ಲ ನಮಗೆ ಗೊತ್ತಿದ್ದದ್ದೇ, ಹೊಸದೇನು?” ಎಂಬ ಮಾತು ಸುಲಭವಾಗಿ ಬರಬಹುದು. 1964 ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಊರುಗಳೂ ತೋಟಗಳೂ ನೀರಿನಡಿಗೆ ಹೋದುವು. ಆ ನೀರಿನಿಂದ ಹುಟ್ಟಿದ ವಿದ್ಯುತ್ತಿನ ದೀಪದ ಕೆಳಗೆ ಕುಳಿತು ಆ ಜನರ ಕಥೆಯನ್ನು ಓದಿ, ಎಳೆದಿದ್ದಾರೆ ಎಂದು ಆಕಳಿಸುವುದು ಅಪರಾಧವಲ್ಲ. ಆದರೂ ಆಕಳಿಕೆಯಾದ ಮೇಲೆ ಒಂದು ಕ್ಷಣ ದೀಪದ ಕಡೆಗೆ ನೋಡಬಹುದಾಗಿತ್ತು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002 ರಲ್ಲಿ ಚಿತ್ರವಾಗಿಸಿದ ಮೇಲೆ, ಗೊತ್ತಿದ್ದದ್ದೇ ಎಂದವರೂ ನೋಡಲು ಹೋದರೆ ಅದು ಆಶ್ಚರ್ಯವಲ್ಲ.

ಇದೇ ಸೀಮೆಯ ತಾಳಮದ್ದಲೆಯು ಈ ವಿಷಯದಲ್ಲಿ ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದೆ. ‘ವಾಲಿವಧೆ’ಯ ಪ್ರಸಂಗವೆಂದರೆ ಕಥೆಯು ಎಲ್ಲರಿಗೂ ಗೊತ್ತು, ಬಾಣವು ಎಲ್ಲಿಂದ ಬರುವುದೆಂಬುದೂ ಗೊತ್ತು. ಆದರೂ ಮರೆಯಲ್ಲಿ ನಿಂತು ಹೊಡೆದದ್ದು ಧರ್ಮವೇ ಎಂದು ವಾಲಿಯ ಅರ್ಥಧಾರಿಯು ಕೇಳಿದಾಗ, ಸಭೆಯು ಇಂದೇ ಮೊದಲು ಕೇಳಿದಂತೆ ಸ್ತಬ್ಧವಾಗುವುದು. ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಜಗಲಿಯಲ್ಲಿ ನಡೆಯುವ ವಾದದಲ್ಲಿ ರಾಮನ ಪಕ್ಷದವರೂ ವಾಲಿಯ ಪಕ್ಷದವರೂ ಸರಿಸಮ. ಇರುಳೆಲ್ಲ ಕುಳಿತು ಕೇಳಿದವರಾದ್ದರಿಂದ ಅವರ ಮಾತಿಗೆ ತೂಕವುಂಟು. ಮೃದಂಗದ ಮೊದಲ ಪೆಟ್ಟಿಗೇ ಕಂಬಕ್ಕೊರಗಿ ಮಂಗಳಕ್ಕೆ ಎಚ್ಚತ್ತವನು ಆ ದಿನ ಮಾತ್ರ ಬಾಯಿ ಮುಚ್ಚಿಕೊಂಡಿರುತ್ತಾನೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949 ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯನ್ನು ಕೆ. ವಿ. ಸುಬ್ಬಣ್ಣನವರು ಬೆಳೆಸಿದ್ದು ಇದೇ ರೂಢಿಯ ಬೇರಿನಿಂದಲೇ ಎಂದು ತೋರುತ್ತದೆ. ನಾಟಕ, ಚಿತ್ರ, ಪುಸ್ತಕಗಳನ್ನು ಕುರಿತು ಅಡಿಕೆ ಬೆಳೆಗಾರನೂ ಪ್ರಾಧ್ಯಾಪಕನೂ ಒಂದೇ ಚಾಪೆಯ ಮೇಲೆ ಮಾತನಾಡಬಹುದೆಂಬುದು ಈ ನಾಡಿಗೆ ಹೊಸದಾಗಿ ತೋರಲಿಲ್ಲ.

ಜಗಲಿಯ ಅಭಿಪ್ರಾಯವು ಜಗಲಿಯಲ್ಲಿಯೇ ಉಳಿಯುವುದೂ ಇಲ್ಲ. “ಆ ಪುಸ್ತಕ ಮನೆಯಲ್ಲಿ ಇಡುವಂಥದ್ದಲ್ಲ” ಎಂದು ಹಿರಿಯನು ಕವಳವನ್ನು ಉಗುಳಿ ಬಂದು ಹೇಳಿದ ಒಂದು ಮಾತಿನಿಂದ ಒಳಗಿನ ಹೆಣ್ಣುಮಗಳ ಕೈಗೆ ಆ ಪುಸ್ತಕವು ಬಾರದೆ ಹೋಗಬಹುದು. ಈಗಲಾದರೆ ಕೈಯೊಳಗಿನ ದೂರವಾಣಿಯಲ್ಲಿ ಆ ಮಾತು ಊರನ್ನೇ ದಾಟುವುದು. ತೀರ್ಥಹಳ್ಳಿಯ ಎಂ. ಕೆ. ಇಂದಿರಾ ಅವರಿಗೆ ಬಾಲ್ಯದಲ್ಲಿಯೇ ವಿವಾಹವಾಗಿ ಶಾಲೆಯ ಓದು ನಿಂತಿತು. ಅವರ ‘ತುಂಗಭದ್ರ’ವು ಪ್ರಕಟವಾದದ್ದು 1963 ರಲ್ಲಿ, ಅವರಿಗೆ ನಲವತ್ತಾರು ತುಂಬುವ ಕಾಲಕ್ಕೆ, ‘ಫಣಿಯಮ್ಮ’ವು 1976 ರಲ್ಲಿ. ಮಲೆನಾಡಿನ ಮನೆಯ ಹಿತ್ತಲಲ್ಲಿ, ಅಡಿಗೆಮನೆಯಲ್ಲಿ, ಹೆರಿಗೆಯ ಕೋಣೆಯಲ್ಲಿ ಒಬ್ಬ ಬಾಲವಿಧವೆಯು ಕಳೆದ ದೀರ್ಘಾಯುಸ್ಸನ್ನು ಹೇಳುವ ಆ ಕಥೆಗೆ ಜಗಲಿಯವರು “ಹೆಂಗಸರು ಓದುವ ಪುಸ್ತಕ” ಎಂಬ ಬೆಲೆಯನ್ನು ಕಟ್ಟುವುದುಂಟು.

ಹಾಗೆ ಬೆಲೆ ಕಟ್ಟಿದ ಗೃಹಸ್ಥನ ಪುಸ್ತಕವು ಒಂದು ದಿನ ಜಗಲಿಯಿಂದ ಕಾಣೆಯಾಗುವುದು. ಮೂರು ದಿನಗಳಾದ ಮೇಲೆ ಅದೇ ಸ್ಥಳದಲ್ಲಿ ಮತ್ತೆ ಇರುವುದು. ಒಳಗಿನವರನ್ನು ಹೇಗಿತ್ತೆಂದು ಅವನು ಕೇಳುವುದಿಲ್ಲ, ಅವರು ಹೇಳುವುದೂ ಇಲ್ಲ. ಕೊನೆಯ ಪುಟದ ಅಂಚಿನಲ್ಲಿ ಅರಸಿನದ ಬೆರಳಿನ ಗುರುತೊಂದು ಮಾತ್ರ ಉಳಿದಿರುವುದು.