ಸಿಸ್ಟಮ್ ಹಾಗೆ ತೋರಿಸ್ತಿದೆ

ನಮ್ಮ ಕಾಲದಲ್ಲಿ ಯಾವುದೇ ವಾದವನ್ನು ಥಟ್ಟನೆ ಮುಗಿಸಿಬಿಡುವ ಮಾತು ಯಾವುದು ಎಂದು ಕೇಳಿದರೆ ನಾನು ಈ ಮೂರು ಪದಗಳನ್ನು ತೋರಿಸುತ್ತೇನೆ: ‘ಸಿಸ್ಟಮ್ ಹಾಗೆ ತೋರಿಸ್ತಿದೆ.’ ಬ್ಯಾಂಕಿನ ಕೌಂಟರಿನಲ್ಲಿ, ಆಸ್ಪತ್ರೆಯ ಬಿಲ್ಲಿನ ಕಿಟಕಿಯಲ್ಲಿ, ಪಡಿತರ ಅಂಗಡಿಯಲ್ಲಿ ಇದನ್ನು ಕೇಳಿರದವರು ಅಪರೂಪ. ಪುಣೆಯಲ್ಲಿ ಮರಾಠಿಯಲ್ಲಿ ಕೇಳುತ್ತೇನೆ, ಊರಿಗೆ ಹೋದಾಗ ಕನ್ನಡದಲ್ಲಿ. ಹೇಳುವವರ ದನಿಯಲ್ಲಿ ಸಿಟ್ಟಾಗಲಿ ದರ್ಪವಾಗಲಿ ಇರುವುದಿಲ್ಲ. ಕೆಲವೊಮ್ಮೆ ನಿಜವಾದ ಮರುಕವೇ ಇರುತ್ತದೆ. ಆದರೆ ಆ ಮಾತಾದ ಮೇಲೆ ಕೇಳಿದವರು ಮನೆಗೆ ಹೊರಡಬೇಕು, ಅಷ್ಟೆ.

ಇಂಥ ಸಿಸ್ಟಮ್‌ಗಳನ್ನು ಕಟ್ಟಿಸುವ ಕೆಲಸವೇ ಇಪ್ಪತ್ತು ವರ್ಷಗಳಿಂದ ನನಗೆ ಅನ್ನ ಕೊಡುತ್ತಿದೆ. ಹಾಗಾಗಿ ತಂತ್ರಜ್ಞಾನವನ್ನು ಬೈಯಲು ನಾನು ಕೂತಿಲ್ಲ. ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾವನ್ನೇ ನೋಡಿ. ಸಾದಾ ಫೋನಿನಿಂದ ಹಣ ಕಳಿಸುವ ವ್ಯವಸ್ಥೆ ಅದು. ಬ್ಯಾಂಕಿನ ಮೆಟ್ಟಿಲು ಹತ್ತದವರೂ ನಗರದಿಂದ ಊರಿಗೆ ನಿಮಿಷದಲ್ಲಿ ದುಡ್ಡು ಕಳಿಸುವಂತಾಯಿತು. ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರಿಂದ 1,94,000 ಕುಟುಂಬಗಳು, ಅಂದರೆ ದೇಶದ ಶೇ. 2ರಷ್ಟು ಮನೆಗಳು, ಬಡತನದಿಂದ ಮೇಲೆದ್ದವು. ಇದು ಸಣ್ಣ ಮಾತಲ್ಲ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಯಂತ್ರ ತಪ್ಪು ಮಾಡಿದಾಗ, ಅದು ತಪ್ಪು ಎಂದು ಸಾಬೀತು ಮಾಡುವ ಹೊಣೆ ಯಾರದು?

ಬ್ರಿಟನ್ನಿನ ಅಂಚೆ ಇಲಾಖೆಯ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ‘ಹೊರೈಜನ್’ ಎಂಬ ಲೆಕ್ಕಪತ್ರದ ತಂತ್ರಾಂಶ ಬಂತು. ಕಟ್ಟಿದ್ದು ಫುಜಿತ್ಸು ಕಂಪನಿ. ಊರೂರಿನ ಸಣ್ಣ ಅಂಗಡಿಗಳಲ್ಲಿ ಅಂಚೆ ಕೆಲಸ ನಡೆಸುತ್ತಿದ್ದ ಸಬ್‌ಪೋಸ್ಟ್‌ಮಾಸ್ಟರ್‌ಗಳ ಲೆಕ್ಕದಲ್ಲಿ ಸಾವಿರಾರು ಪೌಂಡ್ ಕೊರತೆ ಕಾಣತೊಡಗಿತು. ಕೊರತೆಯನ್ನು ಅವರೇ ತುಂಬಿಕೊಡಬೇಕು ಎಂದು ಕರಾರು. ಕೆಲವರು ಮನೆ ಮಾರಿ ತುಂಬಿದರು. 2015ರವರೆಗೆ 900ಕ್ಕೂ ಹೆಚ್ಚು ಜನರ ಮೇಲೆ ಕಳ್ಳತನ, ಸುಳ್ಳು ಲೆಕ್ಕದಂಥ ಅಪರಾಧಗಳು ರುಜುವಾತಾದವು. ಭಾರತ ಮೂಲದವರೂ ಅವರಲ್ಲಿ ಇದ್ದರು. ಒಬ್ಬಾಕೆ 2010ರಲ್ಲಿ ಗರ್ಭಿಣಿಯಾಗಿರುವಾಗಲೇ ಜೈಲಿಗೆ ಹೋದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ತಂತ್ರಾಂಶದಲ್ಲೇ ದೋಷಗಳಿದ್ದವು ಎಂದು ಲಂಡನ್ನಿನ ಹೈಕೋರ್ಟ್ ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬಂದದ್ದು 2024ರಲ್ಲಿ.

ಈ ಕತೆಯಲ್ಲಿ ಎರಡು ಸಂಗತಿಗಳು ನನಗೆ ಮರೆಯಲಾಗುವುದಿಲ್ಲ. ಒಂದು, ಅಲ್ಲಿನ ಕಾನೂನು. ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು ಅದು ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ತೋರಿಸಬೇಕು ಎಂಬ ನಿಯಮ 1984ರ ಕಾಯ್ದೆಯಲ್ಲಿತ್ತು. 1999ರ ಇನ್ನೊಂದು ಕಾಯ್ದೆ ಅದನ್ನು ತೆಗೆದುಹಾಕಿತು. ಆಮೇಲೆ ನ್ಯಾಯಾಲಯ ಯಂತ್ರ ಸರಿಯಿದೆ ಎಂದೇ ನಂಬಿ ಶುರುಮಾಡುತ್ತಿತ್ತು. ಇನ್ನೊಂದು, ಸಹಾಯವಾಣಿ. ಫೋನ್ ಮಾಡಿದ ಅನೇಕರಿಗೆ ಸಿಕ್ಕ ಉತ್ತರ, ಈ ತೊಂದರೆ ನಿಮ್ಮೊಬ್ಬರಿಗೇ ಆಗಿರುವುದು ಎಂದು. ನೂರಾರು ಜನ, ಪ್ರತಿಯೊಬ್ಬರೂ ‘ಒಬ್ಬರೇ’.

ಆಸ್ಟ್ರೇಲಿಯಾದಲ್ಲೂ ಹೀಗೇ ಆಯಿತು, ಅಲ್ಲಿ ಬಗ್ ಕೂಡ ಇರಲಿಲ್ಲ. ಸರ್ಕಾರದ ನೆರವು ಪಡೆಯುವವರು ಹೆಚ್ಚು ಹಣ ಪಡೆದಿದ್ದಾರೆಯೇ ಎಂದು ಪತ್ತೆ ಮಾಡುವ ಯೋಜನೆ, ಜನ ಇಟ್ಟ ಹೆಸರು ರೋಬೋಡೆಟ್. ಅದು ತೆರಿಗೆ ಇಲಾಖೆಯಿಂದ ವರ್ಷದ ಆದಾಯವನ್ನು ತೆಗೆದುಕೊಂಡು ಇಪ್ಪತ್ತಾರು ಪಾಕ್ಷಿಕಗಳಿಗೆ ಸಮನಾಗಿ ಹಂಚುತ್ತಿತ್ತು. ಒಬ್ಬ ವಿದ್ಯಾರ್ಥಿ ಆರು ತಿಂಗಳು ದುಡಿದು, ಉಳಿದ ಆರು ತಿಂಗಳು ಕೆಲಸವಿಲ್ಲದೆ ನೆರವು ಪಡೆದಿದ್ದಾನೆ ಎನ್ನಿ. ಸರಾಸರಿಯಲ್ಲಿ ಅವನು ವರ್ಷವಿಡೀ ದುಡಿದಂತೆ ಕಾಣುತ್ತಾನೆ. ಕೂಡಲೇ ಸಾಲದ ನೋಟಿಸು. ಅಲ್ಲವೆನ್ನುವುದಾದರೆ ವರ್ಷಗಳ ಹಿಂದಿನ ಸಂಬಳದ ಚೀಟಿಗಳನ್ನು ಅವನೇ ತರಬೇಕು. 2020ರಲ್ಲಿ ಸರ್ಕಾರ 4,70,000 ಸಾಲಗಳ ಹಣವನ್ನು, ಸುಮಾರು 72 ಕೋಟಿ ಆಸ್ಟ್ರೇಲಿಯನ್ ಡಾಲರ್, ಹಿಂತಿರುಗಿಸಲು ಒಪ್ಪಿತು. ಕಂಪ್ಯೂಟರು ಹೇಳಿದ ಭಾಗಾಕಾರವನ್ನು ತಪ್ಪಿಲ್ಲದೆ ಮಾಡಿತ್ತು. ಬದುಕು ಹಾಗೆ ಸಮನಾಗಿ ಹಂಚಿಕೊಂಡಿರುವುದಿಲ್ಲ ಎಂಬುದು ಅದಕ್ಕೆ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಲಿಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆದ ಸಾವಿರಾರು ಪೋಷಕರನ್ನು ತೆರಿಗೆ ಇಲಾಖೆ ವಂಚಕರೆಂದು ಕರೆಯಿತು. ಯಾರನ್ನು ಅನುಮಾನಿಸಬೇಕು ಎಂದು ಅಂಕ ಕೊಡುವ ಪ್ರೋಗ್ರಾಮು, ಅರ್ಜಿದಾರ ಡಚ್ ಪ್ರಜೆಯೋ ಅಲ್ಲವೋ ಎಂಬುದನ್ನೂ ಎಣಿಸುತ್ತಿತ್ತು. ಒಂದು ಸಹಿ ಬಿಟ್ಟುಹೋದದ್ದಕ್ಕೂ ಪೂರ್ತಿ ಹಣ ವಾಪಸು ಕೇಳಿದ್ದುಂಟು. 2021ರ ಜನವರಿಯಲ್ಲಿ ಇಡೀ ಸರ್ಕಾರ ರಾಜೀನಾಮೆ ಕೊಟ್ಟಿತು.

ಇವು ಶ್ರೀಮಂತ ದೇಶಗಳು, ಒಳ್ಳೆಯ ಕೋರ್ಟುಗಳಿರುವ ದೇಶಗಳು. ನಮ್ಮಲ್ಲಿ? ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮೊದಲ ಹೆಸರು ನಮ್ಮವರದೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2018ರ ವಿಚಾರಣೆಯಲ್ಲಿ ಪ್ರಾಧಿಕಾರವೇ ಕೊಟ್ಟ ಅಂಕಿಯಂತೆ, ಸರ್ಕಾರಿ ಸೇವೆಗಳಲ್ಲಿ ಆಧಾರ್ ದೃಢೀಕರಣ ಯಶಸ್ವಿಯಾಗುತ್ತಿದ್ದದ್ದು ಶೇ. 88. ಪರೀಕ್ಷೆಯಲ್ಲಾದರೆ ಡಿಸ್ಟಿಂಕ್ಷನ್. ಅಕ್ಕಿಯ ಸಾಲಿನಲ್ಲಾದರೆ ನೂರು ಸಲದಲ್ಲಿ ಹನ್ನೆರಡು ಸಲ ಯಂತ್ರ ‘ಇಲ್ಲ’ ಎನ್ನುತ್ತದೆ.

ಯಾರಿಗೆ ಇಲ್ಲ ಎನ್ನುತ್ತದೆ ಎಂಬುದು ಪುಣೆಯಲ್ಲಿರುವ ನಮಗೆ ಕಾಣುತ್ತದೆ. ಇಲ್ಲಿನ ಕಟ್ಟಡಗಳಿಗೆ ಸಿಮೆಂಟು ಕಲಸುವವರಲ್ಲಿ ಕಲಬುರಗಿ, ಯಾದಗಿರಿ ಕಡೆಯವರು ಬಹಳ. ನಮ್ಮ ಸೊಸೈಟಿಯ ಪಕ್ಕದ ಸೈಟಿನಲ್ಲಿರುವ ಒಬ್ಬರು ಒಮ್ಮೆ ಅಂಗೈ ಚಾಚಿ ತೋರಿಸಿದರು. “ಬಟ್ಟ ಹತ್ತವಲ್ದ್ರೀ ಸರ,” ಅಂದರು. ಬೆರಳ ತುದಿ ನುಣ್ಣಗೆ ಸವೆದಿತ್ತು. ದುಡಿಮೆ ಅಳಿಸಿದ ಗೆರೆಗಳನ್ನೇ ಗುರುತಾಗಿ ತೋರಿಸು ಎಂದು ಯಂತ್ರ ಕೇಳುತ್ತಿದೆ. ಆಧಾರ್ ಕೆಲಸ ಮಾಡದಿದ್ದರೂ ಪಡಿತರ ನಿಲ್ಲಿಸಬಾರದು ಎಂದು 2017ರಲ್ಲೇ ಕೇಂದ್ರ ಆಹಾರ ಸಚಿವಾಲಯ ರಾಜ್ಯಗಳಿಗೆ ಸೂಚಿಸಿದೆ. ಆ ಸುತ್ತೋಲೆ ಅವರ ಕೈಯಲ್ಲಿರುವುದಿಲ್ಲ. ಯಂತ್ರದ ಕೆಂಪು ದೀಪ ಎಲ್ಲರ ಕಣ್ಣೆದುರಿಗಿರುತ್ತದೆ.

ನನ್ನ ಸಹೋದ್ಯೋಗಿಗಳು ಇದಕ್ಕೆ ಒಂದು ಗಟ್ಟಿ ಉತ್ತರ ಕೊಡುತ್ತಾರೆ. ಮೊದಲೇನು ರಾಮರಾಜ್ಯವಿತ್ತೇ? ಶಾನುಭೋಗರ ಒಂದು ಗೀಟಿನಲ್ಲಿ ಎಷ್ಟು ಬಡವರ ಜಮೀನು ಹೋಗಿಲ್ಲ? ಗುಮಾಸ್ತನಿಗೆ ಕೈಬೆಚ್ಚಗೆ ಮಾಡದೆ ಎಷ್ಟು ಕಡತ ಸರಿದಿದೆ? ಯಂತ್ರ ಜಾತಿ ಕೇಳುವುದಿಲ್ಲ, ಲಂಚ ಕೇಳುವುದಿಲ್ಲ. ಇದು ಬಹುಮಟ್ಟಿಗೆ ನಿಜ. ಮನುಷ್ಯರು ಮಾಡುತ್ತಿದ್ದ ತಪ್ಪುಗಳ ಸಂಖ್ಯೆಯನ್ನು ಯಂತ್ರ ಇಳಿಸಿದೆ ಎಂದು ನಾನೂ ನಂಬುತ್ತೇನೆ.

ಆದರೆ ಒಂದು ವ್ಯತ್ಯಾಸವಿದೆ. ಶಾನುಭೋಗರು ಸುಳ್ಳು ಬರೆಯಬಲ್ಲರು ಎಂಬುದು ಊರಿಗೆಲ್ಲ ಗೊತ್ತಿತ್ತು. ಅನ್ಯಾಯವಾದವನು ಬಾಯಿಬಿಟ್ಟರೆ ನಾಲ್ಕು ಜನ ‘ಹೌದು, ಆಗಿದ್ದರೂ ಆಗಿರಬಹುದು’ ಎನ್ನುತ್ತಿದ್ದರು. ಅವನಿಗೆ ಜಮೀನು ಸಿಗದಿರಬಹುದು, ಅವನ ಮಾತಿಗೆ ಜಾಗವಿತ್ತು. ಯಂತ್ರದ ಎದುರು ಆ ಜಾಗ ಹೋಗುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ಸರಿಯಾದದ್ದು ನೂರನೆಯ ಸಲವೂ ಸರಿಯಾಗಿರಬೇಕು ಎಂದು ನಾವೆಲ್ಲ ಊಹಿಸುತ್ತೇವೆ. ಹಾಗಾಗಿ ತಪ್ಪು ಅಪರೂಪವಾದಷ್ಟೂ ಅದಕ್ಕೆ ಸಿಕ್ಕಿಬಿದ್ದವರು ಒಂಟಿಯಾಗುತ್ತಾರೆ. ಸ್ವಂತ ಹೆಂಡತಿ ಮಕ್ಕಳೇ ಅನುಮಾನದಿಂದ ನೋಡುವಷ್ಟು ಒಂಟಿ. ಸಬ್‌ಪೋಸ್ಟ್‌ಮಾಸ್ಟರ್‌ಗಳಲ್ಲಿ ಕೆಲವರು ತಮ್ಮ ಲೆಕ್ಕವೇ ತಪ್ಪಿರಬೇಕು ಎಂದು ತಾವೇ ನಂಬತೊಡಗಿದ್ದರು.

ನಮ್ಮ ವೃತ್ತಿಯಲ್ಲಿ ಇಂಥವರಿಗೆ ಒಂದು ಹೆಸರಿದೆ: ಎಡ್ಜ್ ಕೇಸ್. ಮೀಟಿಂಗಿನಲ್ಲಿ ಅವರು ಎಕ್ಸೆಲ್ ಹಾಳೆಯ ಕೊನೆಯ ಸಾಲುಗಳು. ಗೋ-ಲೈವ್ ದಿನಾಂಕ ಹತ್ತಿರವಾದಾಗ ‘ಮುಂದಿನ ರಿಲೀಸಿಗೆ’ ಎಂದು ಬರೆಯುತ್ತೇವೆ. ಇದರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ. ಬಜೆಟ್ಟಿಗೂ ಸಮಯಕ್ಕೂ ಮಿತಿಯಿದೆ, ಎಲ್ಲ ತಪ್ಪನ್ನೂ ತೆಗೆದು ಬಿಡುಗಡೆಯಾದ ತಂತ್ರಾಂಶ ಭೂಮಿಯ ಮೇಲಿಲ್ಲ. ಆದರೆ ತಪ್ಪು ಉಳಿದೇ ಉಳಿಯುತ್ತದೆ ಎಂದು ಗೊತ್ತಿರುವ ನಾವೇ, ತಪ್ಪಿಲ್ಲವೆಂಬಂತೆ ಅದನ್ನು ಜನರ ಮುಂದಿಡುವುದು ಸರಿಯೇ? ಇಂಜಿನಿಯರಿಂಗಿನ ಪ್ರಶ್ನೆ ನೀತಿಯ ಪ್ರಶ್ನೆಯಾಗುವುದು ಇಲ್ಲಿ.

ನನಗೆ ತೋರುವ ಉತ್ತರ ದೊಡ್ಡ ಸಿದ್ಧಾಂತವೇನಲ್ಲ. ಯಂತ್ರದಿಂದ ಲಾಭ ಪಡೆಯುವವರೇ ಅದರ ಅನುಮಾನದ ಭಾರವನ್ನೂ ಹೊರಬೇಕು. ಸಿಸ್ಟಮ್ ಒಬ್ಬರನ್ನು ಕಳ್ಳ ಎಂದರೆ, ಹೇಗೆ ಆ ತೀರ್ಮಾನಕ್ಕೆ ಬಂತು ಎಂಬ ದಾಖಲೆ ಆ ವ್ಯಕ್ತಿಗೆ ಸಿಗಬೇಕು. ಜಗಳ ತೀರುವವರೆಗೆ ಅಕ್ಕಿ, ಪಿಂಚಣಿ ನಿಲ್ಲಬಾರದು. ಯಂತ್ರದ ಮಾತನ್ನು ತಳ್ಳಿಹಾಕುವ ಅಧಿಕಾರವಿರುವ ಮನುಷ್ಯನೊಬ್ಬ ಕೈಗೆಟಕುವಷ್ಟು ಹತ್ತಿರವಿರಬೇಕು, ಹಾಗೆ ತಳ್ಳಿಹಾಕಿದ್ದಕ್ಕೆ ಅವನಿಗೆ ಮೆಮೋ ಬರಬಾರದು. 2018ರಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ಕಾನೂನಿನ 22ನೆಯ ವಿಧಿ, ಬದುಕಿನ ಮೇಲೆ ದೊಡ್ಡ ಪರಿಣಾಮ ಬೀರುವ ತೀರ್ಮಾನವನ್ನು ಕೇವಲ ಯಂತ್ರಕ್ಕೆ ಬಿಡುವುದರ ವಿರುದ್ಧ ಜನರಿಗೆ ಹಕ್ಕು ಕೊಡುತ್ತದೆ. ಇಂಥ ಹಕ್ಕು ನಮ್ಮ ಕಟ್ಟಡ ಕಾರ್ಮಿಕರಿಗೆ ಹೆಚ್ಚು ಬೇಕು, ಏಕೆಂದರೆ ವಕೀಲರನ್ನು ಇಡುವ ಶಕ್ತಿ ಅವರಿಗಿಲ್ಲ.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಹೊರೈಜನ್‌ನಲ್ಲಿ ದೋಷ ಎಲ್ಲಿದೆ ಎಂದು ಹುಡುಕಲು ಕೋಡಿನ ಸಾಲುಗಳಾದರೂ ಇದ್ದವು. ಸಾಲ ಕೊಡಬೇಕೇ, ಕೆಲಸಕ್ಕೆ ಕರೆಯಬೇಕೇ ಎಂದು ಈ ಹೊಸ ಮಾದರಿಗಳು ಅಂಕ ಕೊಟ್ಟಾಗ, ಆ ಅಂಕ ಏಕೆ ಬಂತೆಂದು ಕಟ್ಟಿದವರೂ ಎಷ್ಟೋ ಸಲ ಬಿಡಿಸಿ ಹೇಳಲಾರರು. ಅಂದರೆ ‘ಸಿಸ್ಟಮ್ ಹಾಗೆ ತೋರಿಸ್ತಿದೆ’ ಎಂಬ ಮಾತು ಇನ್ನೂ ಗಟ್ಟಿಯಾಗಲಿದೆ. ಅದನ್ನು ಕೇಳಿ ಹಿಂತಿರುಗುವವರು ಇನ್ನೂ ಕಡಿಮೆಯಾಗಬಹುದು, ಇನ್ನೂ ಒಂಟಿಯಾಗಿಯೂ ಇರುತ್ತಾರೆ. ಅವರಲ್ಲೊಬ್ಬರು ನಮ್ಮ ಮುಂದೆ ಬಂದು ‘ಯಂತ್ರ ತಪ್ಪು ಹೇಳುತ್ತಿದೆ’ ಎಂದಾಗ, ಪೂರ್ತಿ ನಂಬದಿದ್ದರೂ ಸರಿ, ‘ಇರಬಹುದು, ಕೂತ್ಕೊಳ್ಳಿ, ನೋಡೋಣ’ ಎನ್ನುವಷ್ಟು ಅನುಮಾನವನ್ನು ನಾವು ಉಳಿಸಿಕೊಂಡಿರಬೇಕು.