ಒಂದೂವರೆ ಲಕ್ಷದ ಗೇಮಿಂಗ್ ಪೆಟ್ಟಿಗೆ: ಒಂದು ಮೀಮಾಂಸೆ

ವಿಚಾರಕ್ಕೆ ಎತ್ತಿಕೊಂಡ ವಿಷಯ ಇದು. ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿಯಂಥ ಊರಿನಲ್ಲಿರುವವನು, ಕಂಪನಿಯೇ ಜೋಡಿಸಿ ಮುಚ್ಚಿ ಕಳಿಸುವ ದುಬಾರಿ ಗೇಮಿಂಗ್ ಕಂಪ್ಯೂಟರನ್ನು ಕೊಳ್ಳಬೇಕೋ ಬೇಡವೋ? ಬೆಲೆ ಒಂದೂವರೆ ಲಕ್ಷದ ಆಸುಪಾಸು ಎಂದಿಟ್ಟುಕೊಳ್ಳೋಣ. ಯಜ್ಞದ ವಿಧಿಗಳನ್ನು ವಿಚಾರಿಸುವ ಮೀಮಾಂಸಾ ಶಾಸ್ತ್ರದಲ್ಲಿ ಜೈಮಿನಿಯ ಹಾದಿಯವರು ಯಾವ ಚರ್ಚೆಯನ್ನೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ಹಂತ ಹಂತವಾಗಿ ನಡೆಸುತ್ತಿದ್ದರು. ಯಜ್ಞಯಾಗದ ಗೊಡವೆಯೇ ಬೇಡವೆಂದ ಬಸವಣ್ಣ ಹುಟ್ಟಿದ ನೆಲದಲ್ಲಿ ಕೂತು ಯಜ್ಞಶಾಸ್ತ್ರದ ಪದ್ಧತಿ ಹಿಡಿಯುವುದು ತಮಾಷೆಯೇ. ಆದರೂ ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ಉತ್ತರ ಕೊಡುವ ಆ ಶಿಸ್ತು ದುಡ್ಡಿನ ವ್ಯವಹಾರಕ್ಕೆ ಬಹಳ ಒಗ್ಗುತ್ತದೆ.

ಸಂಶಯಕ್ಕೆ ಕಾರಣ ಎರಡು. ಅದೇ ಪ್ರೊಸೆಸರು, ಅದೇ ಗ್ರಾಫಿಕ್ಸ್ ಕಾರ್ಡು, ಅದೇ ರ್‍ಯಾಮು ಬಿಡಿಬಿಡಿಯಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತವೆ. ಆದರೆ ಎಸ್.ಪಿ. ರಸ್ತೆ ಇರುವುದು ಬೆಂಗಳೂರಿನಲ್ಲಿ, ಕಂಪ್ಯೂಟರು ಕೆಡುವುದು ಗೊಳಸಂಗಿಯಲ್ಲಿ.

ಪೂರ್ವಪಕ್ಷವನ್ನು ಅಣ್ಣನ ಮಗನ ಬಾಯಿಂದಲೇ ಕೇಳೋಣ. “ಕಾಕಾ, ಬಿಡಿ ಸಾಮಾನು ತಂದ್ರ ಜೋಡಸಾವ್ರು ಯಾರ ಅದಾರ ಇಲ್ಲಿ? ಕಂಪನೀದು ತಗೊಂಡ್ರ ವಾರಂಟಿ ಐತಿ, ಫೋನ್ ಹಚ್ಚಿದ್ರ ಮನೀಗೇ ಬರ್ತಾರ.” ಮಾತಿನಲ್ಲಿ ಹುರುಳಿದೆ. ಈ ಪೆಟ್ಟಿಗೆಗೆ ನಾವು ಕೊಡುವ ಹೆಚ್ಚಿನ ಹಣ ಬಿಡಿಭಾಗಕ್ಕಲ್ಲ, ಮನೆ ಬಾಗಿಲಿಗೆ ಬರುವ ರಿಪೇರಿಗೆ. ಹಾಗಾದರೆ ಮೊದಲು ಕೇಳಬೇಕಾದದ್ದು ಆ ರಿಪೇರಿ ನಿಜಕ್ಕೂ ಬರುತ್ತದೆಯೇ ಎಂದು. ಹೆಚ್ಚಿನ ಕಂಪನಿ ಪೆಟ್ಟಿಗೆಗಳಿಗೆ ಮೂಲ ವಾರಂಟಿ 1 ವರ್ಷ. ಮನೆಗೆ ಬಂದು ಮಾಡುವ ಸೇವೆ ಎಲ್ಲಾ ಪಿನ್‌ಕೋಡಿಗೂ ಇರುವುದಿಲ್ಲ. ಇಲ್ಲದ ಕಡೆ ಪೆಟ್ಟಿಗೆ ಹೊತ್ತು ನಗರದ ಸರ್ವಿಸ್ ಸೆಂಟರಿಗೆ ನೀವೇ ಹೋಗಬೇಕು. ಬಿಡಿಯಾಗಿ ಕೊಂಡ ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ 3 ವರ್ಷ, ಎಸ್‌ಎಸ್‌ಡಿಗೆ 3ರಿಂದ 5 ವರ್ಷ ವಾರಂಟಿ ಇರುತ್ತದೆ. ಅಂದರೆ ವಾರಂಟಿಯ ಹೆಸರಿನಲ್ಲಿ ಹೆಚ್ಚು ಕೊಟ್ಟವನಿಗೇ ಎಷ್ಟೋ ಸಲ ಕಡಿಮೆ ವರ್ಷ ಸಿಗುತ್ತದೆ.

“ಆದ್ರ ಕಂಪನಿಯವ್ರು ಛಲೋ ಸಾಮಾನು ಹಾಕಿರ್ತಾರಲ್ಲ?” ಇದು ಎರಡನೆಯ ಆಕ್ಷೇಪ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಮೀಮಾಂಸಕರು ವೇದವಾಕ್ಯದಲ್ಲಿಯೂ ವಿಧಿ ಬೇರೆ, ಅರ್ಥವಾದ ಬೇರೆ ಎನ್ನುತ್ತಿದ್ದರು. ಅರ್ಥವಾದವೆಂದರೆ ಹೊಗಳಿಕೆ, ಅದಕ್ಕೆ ಸ್ವಂತ ಪ್ರಾಮಾಣ್ಯವಿಲ್ಲ, ವಿಧಿಯ ಜೊತೆ ಸೇರಿದರಷ್ಟೇ ಬೆಲೆ. ಗೇಮಿಂಗ್ ಪೆಟ್ಟಿಗೆಯ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುವುದೆಲ್ಲ ಅರ್ಥವಾದ. ಬಣ್ಣದ ದೀಪ, ಗಾಜಿನ ಬಾಗಿಲು, “ಅಲ್ಟಿಮೇಟ್ ಪವರ್”. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಹೆಸರನ್ನಂತೂ ಎತ್ತಿ ತೋರಿಸುತ್ತಾರೆ, ಗಿರಾಕಿ ನೋಡುವುದು ಅವೆರಡನ್ನೇ. ಉಳಿತಾಯ ಮಾಡಬೇಕೆಂದರೆ ಅವನು ನೋಡದ ಕಡೆ ಮಾಡುತ್ತಾರೆ: ಪವರ್ ಸಪ್ಲೈ, ಮದರ್‌ಬೋರ್ಡು, ರ್‍ಯಾಮಿನ ಜೋಡಣೆ, ಗಾಳಿ ಆಡುವ ದಾರಿ.

ಪವರ್ ಸಪ್ಲೈಯನ್ನೇ ತಗೊಳ್ಳಿ. ಪಕ್ಕದ ಹಲಗೆ ಬಿಚ್ಚಿದರೆ ಅದರ ಮೈಮೇಲೆ ಒಂದು ಚೀಟಿ ಇರುತ್ತದೆ. ದಪ್ಪ ಅಕ್ಷರದಲ್ಲಿ 500 ವಾಟ್ ಎಂದಿರಬಹುದು. ಅದನ್ನು ಬಿಟ್ಟು 12 ವೋಲ್ಟಿನ ಸಾಲನ್ನು ಓದಿ. ಅಲ್ಲಿ 32 ಆಂಪಿಯರ್ ಎಂದಿದ್ದರೆ ಹನ್ನೆರಡರಿಂದ ಗುಣಿಸಿ, 384 ವಾಟ್. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸಿಗುವುದು ಇಷ್ಟೇ. ಆರ್‌ಟಿಎಕ್ಸ್ 5070 ಕಾರ್ಡು ಒಂದೇ 250 ವಾಟ್ ಎಳೆಯುತ್ತದೆ, ಅದಕ್ಕೆ 650 ವಾಟಿನ ಸಪ್ಲೈ ಇರಲಿ ಎಂದು ಅದನ್ನು ಮಾಡಿದ ಎನ್‌ವಿಡಿಯಾ ಕಂಪನಿಯೇ ಹೇಳುತ್ತದೆ. ರ್‍ಯಾಮಿನ ಕಥೆಯೂ ಹೀಗೆಯೇ. 16 ಜಿಬಿ ಎಂದು ಬರೆದಿರುತ್ತಾರೆ; ಎರಡು 8ರ ಪಟ್ಟಿಯೋ, ಒಂದೇ 16ರ ಪಟ್ಟಿಯೋ ಬರೆದಿರುವುದಿಲ್ಲ. ಒಂದೇ ಪಟ್ಟಿಯಾದರೆ ಡೇಟಾ ಓಡುವ ಎರಡು ದಾರಿಯಲ್ಲಿ ಒಂದು ಖಾಲಿ ಬೀಳುತ್ತದೆ, ಆಟ ನಿಧಾನವಾಗುತ್ತದೆ. ಅಂಗಡಿಯಲ್ಲಿ ಚಾಲೂ ಇಟ್ಟ ಯಂತ್ರವಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯ ಪುಟ ನೋಡಿ. ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಎಂದು ಅಲ್ಲಿಯೇ ಇರುತ್ತದೆ.

ಮದರ್‌ಬೋರ್ಡಿನದು ಇನ್ನೂ ದೊಡ್ಡ ತೊಡಕು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ತಂದಿತು. ಅದಕ್ಕೆ ಒಪ್ಪುವ ಬೋರ್ಡು, ಸಪ್ಲೈ, ಕ್ಯಾಬಿನೆಟ್ಟು ಯಾವ ಕಂಪನಿಯದಾದರೂ ಒಂದಕ್ಕೊಂದು ಕೂಡುತ್ತವೆ. ಆದರೆ ಡೆಲ್, ಎಚ್‌ಪಿಯಂಥ ಕಂಪನಿಗಳ ಎಷ್ಟೋ ಮಾದರಿಗಳಲ್ಲಿ ಬೋರ್ಡು, ಸಪ್ಲೈಗಳದು ಅವರದೇ ಅಳತೆ, ಅವರದೇ ಪಿನ್ನು. ವಾರಂಟಿ ಮುಗಿದ ಮರುತಿಂಗಳು ಸಪ್ಲೈ ಸುಟ್ಟರೆ ವಿಜಯಪುರದ ಅಂಗಡಿಯಲ್ಲಿರುವ ಸಪ್ಲೈ ಇದಕ್ಕೆ ಕೂಡುವುದಿಲ್ಲ. ಗಿರಾಕಿಗಳ ಗೊಣಗಾಟ ಅವರಿಗೂ ಮುಟ್ಟಿರಬೇಕು. ಡೆಲ್‌ನ ಏಲಿಯನ್‌ವೇರ್ 2025ರ ಏರಿಯಾ-51 ಮಾದರಿಯಲ್ಲಿ ಮತ್ತೆ ಎಟಿಎಕ್ಸಿಗೆ ಬಂತು.

ಈಗ ಎದುರು ದಂಡೆಯ ಪೂರ್ವಪಕ್ಷ. ಬೆಂಗಳೂರಿನಲ್ಲಿ ಓದುವ ಗೆಳೆಯರದು ಇದು: “ರೆಡಿ ಪೆಟ್ಟಿಗೆ ಯಾವತ್ತೂ ದಂಡ, ಬಿಡಿಭಾಗ ಯಾವತ್ತೂ ಅಗ್ಗ.” ಈ ‘ಯಾವತ್ತೂ’ ನಿಲ್ಲುವುದಿಲ್ಲ. 2021ರಲ್ಲಿ ಕ್ರಿಪ್ಟೋ ಗಣಿಗಾರಿಕೆಯವರು ಗ್ರಾಫಿಕ್ಸ್ ಕಾರ್ಡುಗಳನ್ನು ಬಾಚಿಕೊಂಡಾಗ ಬಿಡಿ ಕಾರ್ಡಿಗಿಂತ ಪೂರ್ತಿ ಕಂಪ್ಯೂಟರೇ ಲಾಭವೆನಿಸಿತ್ತು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಕ್ರಿಪ್ಟೋ ಜಾಲ ತನ್ನ ಪದ್ಧತಿ ಬದಲಿಸಿದ ಮೇಲೆ ಆ ಗಣಿಗಾರಿಕೆ ಕುಸಿಯಿತು. 2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಹಸಿವಿಗೆ ರ್‍ಯಾಮಿನ ಬೆಲೆ ಜಿಗಿಯಿತು. ಮೆಮೊರಿ ಚಿಪ್ಪು ಮಾಡುವ ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಸಾಮಾನ್ಯ ಗಿರಾಕಿಗಳಿಗೆ ಮಾರುವ ಕ್ರೂಷಲ್ ಬ್ರ್ಯಾಂಡಿನ ವ್ಯಾಪಾರವನ್ನೇ ಬಿಡುವುದಾಗಿ ಸಾರಿತು. ಇಂಥ ಹೊತ್ತಿನಲ್ಲಿ ಹಳೆಯ ಬೆಲೆಯ ರ್‍ಯಾಮು ಹಾಕಿಟ್ಟ ರೆಡಿ ಪೆಟ್ಟಿಗೆ ಅಗ್ಗವಾಗುವುದು ಸಾಧ್ಯ. ಆದ್ದರಿಂದ ಎರಡರ ಬೆಲೆಯನ್ನೂ ಒಂದೇ ದಿನ ಬರೆದುಕೊಂಡು ತಾಳೆ ನೋಡಬೇಕು. ಹೋದ ವರ್ಷದ ಲೆಕ್ಕ ನಡೆಯುವುದಿಲ್ಲ.

ಇನ್ನು ಅಧಿಕಾರದ ಪ್ರಶ್ನೆ. ಯಾವ ಕರ್ಮಕ್ಕೆ ಯಾರು ಅರ್ಹರು ಎಂಬುದಕ್ಕೆ ಜೈಮಿನಿ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಹುಡುಗ ಆಡುವುದು ವ್ಯಾಲರಂಟ್ ಆದರೆ, ಸೆಕೆಂಡಿಗೆ 144 ಚಿತ್ರ ಓಡಿಸಲು ಅದನ್ನು ಮಾಡಿದವರು ಕೇಳುವುದು ಜಿಟಿಎಕ್ಸ್ 1050 ಟಿಐ ಎಂಬ ಹಳೆಯ ಕಾರ್ಡನ್ನು. ಅದಕ್ಕಾಗಿ ಒಂದೂವರೆ ಲಕ್ಷ ಬೇಡ. ಮಾನಿಟರು 60 ಹರ್ಟ್ಸಿನದಿದ್ದರೆ ಕಂಪ್ಯೂಟರು ಇನ್ನೂರು ಚಿತ್ರ ಕಳಿಸಿದರೂ ಪರದೆ ತೋರಿಸುವುದು ಅರವತ್ತೇ. ದೊಡ್ಡ ಆಟ ಆಡುವವರು, ಮದುವೆ ವಿಡಿಯೊ ಎಡಿಟ್ ಮಾಡಿ ನಾಲ್ಕು ಕಾಸು ದುಡಿಯುವವರು, ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಕಲಿಯುವವರು, ಇವರಷ್ಟೇ ಇಲ್ಲಿ ಅಧಿಕಾರಿಗಳು.

“ಇ-ಸ್ಪೋರ್ಟ್ಸ್ ಆಡಿ ಗಳಸ್ತೇನಿ ಕಾಕಾ, ಸರ್ಕಾರನ ಒಪ್ಪೇತಿ.” ಒಪ್ಪಿದ್ದು ಹೌದು. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸಿಗೆ ಮಾನ್ಯತೆ ಕೊಟ್ಟಿತು. ಮಾನ್ಯತೆ ಸಂಬಳವಲ್ಲವಪ್ಪ. ನಮ್ಮ ಹುಡುಗರ ಅಚ್ಚುಮೆಚ್ಚಿನ ಬಿಜಿಎಂಐ ಆಡುವುದು ಮೊಬೈಲಿನಲ್ಲಿ. ಅದೂ 2022ರ ಜುಲೈನಲ್ಲಿ ಸರ್ಕಾರದ ಆದೇಶದಿಂದ ಮಾಯವಾಗಿ 2023ರ ಮೇ ತಿಂಗಳಿಗೆ ಮರಳಿತು. ಅದನ್ನೇ ನಂಬಿದವನು ಆ ತಿಂಗಳುಗಳಲ್ಲಿ ಏನು ಮಾಡಬೇಕಿತ್ತು? ಅಪ್ಪನ ಅಂಗಡಿಯ ಜಿಎಸ್‌ಟಿ ನಂಬರಿನ ಮೇಲೆ ಕೊಂಡು 18 ಶೇಕಡಾ ತೆರಿಗೆ ವಾಪಸ್ ಪಡೆಯುವ ಉಪಾಯವನ್ನೂ ಬಿಡಿ. ಸ್ವಂತ ಆಟಕ್ಕೆ ಕೊಂಡ ಯಂತ್ರಕ್ಕೆ ಆ ಹಕ್ಕಿಲ್ಲ.

ಎಲ್ಲರೂ ಮರೆಯುವುದು ಕರೆಂಟನ್ನು. ಗೊಳಸಂಗಿಯ ನೆರೆಯಲ್ಲೇ ಕೂಡಗಿಯ 2400 ಮೆಗಾವಾಟಿನ ಎನ್‌ಟಿಪಿಸಿ ಸ್ಥಾವರವಿದೆ. ಆದರೆ ಅಲ್ಲಿ ಹುಟ್ಟಿದ್ದು ದೊಡ್ಡ ತಂತಿ ಹಿಡಿದು ದೂರ ಹೋಗುತ್ತದೆ, ಮನೆಗೆ ಬರುವುದು ಹೆಸ್ಕಾಂ ಲೈನು. ಮಾನಿಟರು ಸೇರಿ 400 ವಾಟ್ ಎಳೆಯುವ ಯಂತ್ರವನ್ನು ದಿನಕ್ಕೆ ಐದು ತಾಸು ಆಡಿದರೆ 2 ಯೂನಿಟ್, ತಿಂಗಳಿಗೆ 60. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯ ಉಚಿತ ಮಿತಿ ಎಲ್ಲರಿಗೂ 200 ಯೂನಿಟ್ ಎಂದು ತಿಳಿದವರು ಬಹಳ. ಯೋಜನೆ ಶುರುವಾದಾಗ ಅದು ಮನೆಯ 2022-23ರ ಸರಾಸರಿ ಬಳಕೆ, ಅದರ ಮೇಲೆ 10 ಶೇಕಡಾ ಆಗಿತ್ತು. ಮಿತಿ ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು. ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲು. ಮನೆಯಲ್ಲಿ ಅವ್ವನಿಗೆ ಸೊನ್ನೆ ಬಿಲ್ಲು ರೂಢಿಯಾಗಿದ್ದರೆ ಈ ಮಾತನ್ನು ಮೊದಲೇ ಹೇಳಿಡುವುದು ಒಳ್ಳೆಯದು.

ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವಾಟ್. ಆಟದ ನಡುವೆ ಕರೆಂಟು ಹೋದರೆ ಅದೂ ಕೈಬಿಡುತ್ತದೆ. 1000 ವಿಎಗಿಂತ ಮೇಲಿನ, ಶುದ್ಧ ಸೈನ್ ವೇವ್ ಯುಪಿಎಸ್ಸಿನ ಖರ್ಚನ್ನು ಕಂಪ್ಯೂಟರಿನ ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕಬೇಕು. ಅರ್ಥಿಂಗೂ ಅಷ್ಟೇ ಮುಖ್ಯ. ಬೇಸಿಗೆಯಲ್ಲಿ ನಮ್ಮ ಎರೆನೆಲ ಬಿರುಕು ಬಿಟ್ಟು ಒಣಗಿದಾಗ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಆಗಾಗ ಕೊಡ ನೀರು ಸುರಿಯಬೇಕು. ವೋಲ್ಟೇಜ್ ಏರಿ ಬೋರ್ಡು ಸುಟ್ಟರೆ, ಸಿಡಿಲು ಹೊಡೆದರೆ ಸಾಮಾನ್ಯವಾಗಿ ಯಾವ ವಾರಂಟಿಯೂ ಒದಗುವುದಿಲ್ಲ. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟುವ ಜಿಲ್ಲೆಯಿದು. ಮುಂಭಾಗ ಗಾಜಿನಿಂದ ಮುಚ್ಚಿ ಹಿಂದೆ ಒಂದೇ ಫ್ಯಾನು ಇಟ್ಟ ಪೆಟ್ಟಿಗೆ ಇಲ್ಲಿ ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನೀವು ದುಡ್ಡು ಕೊಟ್ಟ ವೇಗ ಚಳಿಗಾಲಕ್ಕಷ್ಟೇ ಉಳಿದೀತು.

ಲ್ಯಾಪ್‌ಟಾಪ್ ಕೊಂಡರೆ ಬ್ಯಾಟರಿಯಿದೆಯಲ್ಲ ಎನ್ನುವವರಿಗೆ: ಬ್ಯಾಟರಿಯ ಮೇಲೆ ಆಟದ ವೇಗ ಬೀಳುತ್ತದೆ, ಅದರ ಗ್ರಾಫಿಕ್ಸ್ ಚಿಪ್ಪನ್ನು ಬದಲಿಸಲಾಗದು. ಊರೂರು ತಿರುಗುವ ವಿದ್ಯಾರ್ಥಿಗೆ ಸರಿ, ಮನೆಯಲ್ಲಿ ಕೂತು ಆಡುವವನಿಗಲ್ಲ.

ಹಾಗಾದರೆ ಸಿದ್ಧಾಂತವೇನು? ಕಂಪನಿಯ ರೆಡಿ ಪೆಟ್ಟಿಗೆಯನ್ನು ಮೂರು ಷರತ್ತಿಗೆ ಕೊಳ್ಳಬಹುದು. ಅದೇ ದಿನದ ಬಿಡಿಭಾಗದ ಮೊತ್ತಕ್ಕಿಂತ ಬೆಲೆ ಹತ್ತಕ್ಕೆ ಒಂದು ಪಾಲಿಗಿಂತ ಹೆಚ್ಚಿರಬಾರದು. ಈ ಹತ್ತು ಶೇಕಡಾ ನನ್ನ ತೀರ್ಮಾನ, ಯಾವ ಶಾಸ್ತ್ರದ್ದೂ ಅಲ್ಲ. ನಿಮ್ಮ ಪಿನ್‌ಕೋಡಿಗೆ ಮನೆಗೇ ಬಂದು ರಿಪೇರಿ ಮಾಡುತ್ತೇವೆಂದು ಕಂಪನಿ ಬರಹದಲ್ಲಿ ಕೊಡಬೇಕು. ಅಂಗಡಿಯವನ ಬಾಯಿಮಾತು ಸಾಲದು. ಬೋರ್ಡು, ಸಪ್ಲೈ ಎರಡೂ ಎಟಿಎಕ್ಸ್ ಅಳತೆಯವಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಬೇಡ. ಆಗ ವಿಜಯಪುರದಲ್ಲಿ ನಂಬಿಗಸ್ಥ ಅಂಗಡಿ ಹುಡುಕಿ, ಭಾಗಗಳ ಪಟ್ಟಿ ನೀವೇ ಕೊಟ್ಟು ಕಣ್ಣೆದುರು ಜೋಡಿಸಿಕೊಳ್ಳಿ. ಪ್ರತಿ ಭಾಗದ ಸೀರಿಯಲ್ ನಂಬರು ಬಿಲ್ಲಿನಲ್ಲಿ ಬರೆಸಿ, ಖಾಲಿ ಡಬ್ಬಿಗಳನ್ನೂ ಮನೆಗೆ ತನ್ನಿ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಆ ಬಿಲ್ಲನ್ನೇ.